ಹೊರಡಲೊಲ್ಲದ ಕ್ಯಾಪ್ಟನ್

ನಮ್ಮ ಸೋದರತ್ತೆ ಬರೆದದ್ದನ್ನು ಲಕ್ಷಾಂತರ ಜನ ಮನೆಗೆ ಕೊಂಡೊಯ್ದಿದ್ದಾರೆ. ಓದಿದವರು ಮಾತ್ರ ಯಾರೂ ಇಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಇವುಗಳ ಡಬ್ಬದೊಳಗೆ ಮಡಚಿಟ್ಟ ತೆಳ್ಳನೆಯ ಕೈಪಿಡಿ ಇರುತ್ತದಲ್ಲ, ಅದೇ ಅತ್ತೆಯ ಸಾಹಿತ್ಯ. ಜನ ಡಬ್ಬ ಬಿಚ್ಚುತ್ತಾರೆ, ವಸ್ತುವನ್ನು ಹೊರತೆಗೆಯುತ್ತಾರೆ, ಅತ್ತೆಯನ್ನು ಥರ್ಮಾಕೋಲ್ ಜೊತೆ ಕಸಕ್ಕೆ ಹಾಕುತ್ತಾರೆ. ವಸ್ತು ಸುಟ್ಟುಹೋದ ಮೇಲೆ ಕಸದ ಬುಟ್ಟಿಯಲ್ಲಿ ಕೈಯಾಡಿಸುತ್ತಾರೆ. ಆಗ ಸಿಕ್ಕಿದರೂ ಬರೆದವರು ಯಾರೆಂದು ತಿಳಿಯುವುದಿಲ್ಲ, ಏಕೆಂದರೆ ಕೈಪಿಡಿಗೆ ಲೇಖಕರ ಹೆಸರು ಹಾಕುವ ಪದ್ಧತಿ ಎಲ್ಲೂ ಇಲ್ಲ.

ಅತ್ತೆಗೆ ಒಂದು ಹಟವಿತ್ತು. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ. ಅದಕ್ಕಾಗಿ ಮನೆಯಲ್ಲೇ ಒಬ್ಬ ಪರೀಕ್ಷಕರನ್ನು ಇಟ್ಟುಕೊಂಡಿದ್ದಳು, ಅವರು ನಮ್ಮ ಮಾವ, ಅವಳ ಗಂಡ. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಅತ್ತೆ ಕರಡನ್ನು ಗಟ್ಟಿಯಾಗಿ ಓದಬೇಕು, ಮಾವ ಓದಿದಷ್ಟನ್ನೇ ಮಾಡಬೇಕು, ಅವರು ಎಡವಿದ ಜಾಗದಲ್ಲಿ ಅತ್ತೆ ಸಾಲು ತಿದ್ದಬೇಕು. ಒಂದು ಸಲ ಮಿಕ್ಸಿಯ ಕರಡಿನಲ್ಲಿ ಮುಚ್ಚಳ ಹಾಕಿ ಎನ್ನುವ ಮಾತೇ ಬಿಟ್ಟುಹೋಗಿತ್ತು. ಮಾವ ಮುಚ್ಚಳ ಹಾಕಲಿಲ್ಲ. ಅಡುಗೆಮನೆಯ ಸೂರು ನೋಡಿದರೆ ಆ ತಪ್ಪನ್ನು ಇವತ್ತಿಗೂ ಓದಬಹುದು.

"ಅಷ್ಟೂ ಗೊತ್ತಾಗ್ಲಿಲ್ವೇನ್ರೀ ನಿಮಗೆ?" ಎಂದು ಅತ್ತೆ ಮುಖ ಒರೆಸಿಕೊಂಡು ಕೇಳಿದಳು.

"ಗೊತ್ತಿತ್ತು. ನೀನು ಹೇಳ್ಲಿಲ್ಲ," ಎಂದರು ಮಾವ.

ಹೀಗಿರುವಾಗ ಒಂದು ಕಂಪ್ಯೂಟರ್ ಗೇಮ್ ಕಂಪನಿಯವರು ಅತ್ತೆಯನ್ನು ಹುಡುಕಿಕೊಂಡು ಬಂದರು. ಅವರ 'ಧೂಳುಚಂದ್ರ' ಎಂಬ ಆಟಕ್ಕೆ ಅತ್ತೆ ಹಿಂದೆ ಕೈಪಿಡಿ ಬರೆದಿದ್ದಳು. ಅದು ತನಗೆ ಅರ್ಥವಾಯಿತೆಂದು ಯಾರೋ ಒಬ್ಬರು ಫೋನ್ ಮಾಡಿ ಹೇಳಿದ್ದರಂತೆ. ಕಂಪನಿಯ ಚರಿತ್ರೆಯಲ್ಲಿ ಅಂಥದ್ದು ನಡೆದಿರಲಿಲ್ಲ. ಇದೇ ಆಟವನ್ನು ಕಾದಂಬರಿ ಮಾಡಿಕೊಡಿ, ಆಡುವವರೆಲ್ಲ ಕೊಳ್ಳುತ್ತಾರೆ ಎಂದು ಅಲ್ಲಿನ ಮ್ಯಾನೇಜರ್ ಹೆಂಗಸು ಕೂತು ಅತ್ತೆಗೆ ತಿಳಿಹೇಳಿದಳು. ಕೊನೆಗೆ "ಮುಖಪುಟದ ಮೇಲೆ ನಿಮ್ಮ ಹೆಸರಿರುತ್ತೆ ಮೇಡಂ" ಎಂದಳು. ಅಲ್ಲಿಂದಾಚೆಗೆ ಅವಳು ಏನು ಹೇಳಿದಳೋ ಅತ್ತೆಯ ಕಿವಿಗೆ ಬೀಳಲಿಲ್ಲ. ನೆಂಟರಿಷ್ಟರಿಗೆಲ್ಲ ಅವತ್ತೇ ಸುದ್ದಿ ಹೋಯಿತು. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಪುಸ್ತಕ ಇಡಲು ಗೋಡೆಗೆ ಒಂದು ಹಲಗೆ ಹೊಡೆಸಿದ್ದೂ ಆಯಿತು.

ಆಟ ಇಷ್ಟೇ. ಚಂದ್ರನಂಥದೊಂದು ಧೂಳಿನ ಗೋಳ, ಅಲ್ಲೊಂದು ಗಣಿ, ಗಣಿಯ ಜನರನ್ನು ಹತ್ತಿಸಿಕೊಂಡು ರಾಕ್ಷಸ ಹುಳುಗಳ ನಡುವೆ ಅಂತರಿಕ್ಷದ ಹಡಗು ನಡೆಸುವ ಕ್ಯಾಪ್ಟನ್. ಅತ್ತೆಯ ಬೆರಳು ಗುಂಡಿಗಳ ಮೇಲೆ ಓಡಲಿಲ್ಲ. ಎಂದಿನಂತೆ ಮಾವನನ್ನು ಕೂರಿಸಿ, ತಾನು ಅವರ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಬರೆದಳು. ಮಾವ ಮಾಡಿದ್ದೇ ಕ್ಯಾಪ್ಟನ್ ಮಾಡಿದ್ದಾಯಿತು. ಅದೇ ಮನೆಯಲ್ಲಿದ್ದ ನಾನು, ಆಡಿ ತೋರಿಸುತ್ತೇನೆ ಎಂದು ಒಂದೆರಡು ಸಲ ಮುಂದೆ ಬಿದ್ದೆ.

"ಬೇಡಪ್ಪ. ಈ ಪುಸ್ತಕದ ಕ್ಯಾಪ್ಟನ್ ಇವರು. ನೀನು ಕೂತ್ರೆ ಬೇರೆ ಕ್ಯಾಪ್ಟನ್ ಆಗ್ತಾನೆ," ಎಂದಳು ಅತ್ತೆ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಮಾವ ಅಂತರಿಕ್ಷದಲ್ಲೂ ಬಸ್ಸನ್ನೇ ಓಡಿಸಿದರು. ಹೊರಡುವ ಮೊದಲು ಪರದೆಯ ಮೂಲೆಯಲ್ಲಿ ಹಿಂಬದಿ ತೋರಿಸುವ ಕನ್ನಡಿ ನೋಡುತ್ತಿದ್ದರು. ಎದುರಿಗೆ ಶತ್ರುವಿನ ಹಡಗು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಏಕೆಂದು ಕೇಳಿದರೆ "ಅವನು ಏರು ಹತ್ತತಾ ಇದಾನೆ, ಮೊದಲು ಅವನಿಗೆ ದಾರಿ" ಎನ್ನುತ್ತಿದ್ದರು. ಕ್ಯಾಪ್ಟನ್ ಉದಾರಿ ಎಂದು ಅತ್ತೆ ಬರೆದುಕೊಂಡಳು.

ಬಿಕ್ಕಟ್ಟಾದದ್ದು ಕೊನೆಯ ಘಟ್ಟದಲ್ಲಿ. ಧೂಳಿನ ಬಿರುಗಾಳಿ ಏಳುತ್ತದೆ, ಸೈರನ್ ಕೂಗುತ್ತದೆ, ದೂರದಲ್ಲಿ ಗಣಿಯ ಮೂವರು ಹಡಗಿನ ಕಡೆ ಓಡಿ ಬರುತ್ತಿರುತ್ತಾರೆ. ಅವರನ್ನು ಬಿಟ್ಟು, ಹಡಗು ಹಾರಿಸುವ ಸನ್ನೆಗೋಲು ಎಳೆದು ಹೊರಟರೆ ಆಟ ಗೆದ್ದಂತೆ. ಕಾದರೆ ಧೂಳು ಹಡಗನ್ನು ಮುಚ್ಚಿ ಆಟ ಮುಗಿಯುತ್ತದೆ. ಎಷ್ಟು ಕಾದರೂ ಆ ಮೂವರು ತಲುಪುವುದಿಲ್ಲ, ಆಟ ಕಟ್ಟಿದವರು ಅಷ್ಟು ಕಟುಕರು. ಮಾವ ಪ್ರತಿ ಸಲ ಬಾಗಿಲು ತೆಗೆದು ಕಾದರು. ಪ್ರತಿ ಸಲ ಮುಳುಗಿದರು.

"ಬರ್ತಿದಾರಲ್ಲ, ಕಾಣಿಸ್ತಿದೆಯಲ್ಲ," ಎನ್ನುವರು. ಮುಳುಗಿದ ಮೇಲೆ "ನಾಳೆ ಬರಬಹುದು" ಎಂದು ಎದ್ದುಹೋಗುವರು.

ಕೆಲಸದಲ್ಲಿದ್ದಾಗಲೂ ಅವರು ಹೀಗೆಯೇ. ಓಡಿ ಬರುವವರು ಕನ್ನಡಿಯಲ್ಲಿ ಕಂಡರೆ ಗಾಡಿ ನಿಲ್ಲಿಸುತ್ತಿದ್ದರು. ಡಿಪೋದಲ್ಲಿ ತಡವಾಯಿತೆಂದು ಬೈಗುಳ, ಒಳಗೆ ಆಗಲೇ ಕೂತವರಿಂದ ಶಾಪ. ಎರಡನ್ನೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದರು. "ಓಡಿ ಬರೋರನ್ನ ಬಿಟ್ಟು ಹೋಗೋದು ಗಾಡಿ ಓಡ್ಸೋದಲ್ಲ, ತಪ್ಪಿಸ್ಕೊಂಡು ಓಡೋದು" ಎಂಬುದು ಅವರ ಸಿದ್ಧಾಂತ. ಅವರ ಬಸ್ಸಿನಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪಿರಲಿಕ್ಕಿಲ್ಲ.

ಗಡುವು ಬಂದುಬಿಟ್ಟಿತು. ಅತ್ತೆ ಕಂಡಷ್ಟನ್ನೇ ಬರೆದು ಮುಗಿಸಿದಳು. ಧೂಳು ಏರುತ್ತಿತ್ತು, ಕ್ಯಾಪ್ಟನ್ ಬಾಗಿಲ ಬಳಿ ನಿಂತಿದ್ದ, ಮೂವರು ಓಡಿ ಬರುತ್ತಿದ್ದರು. ಅಲ್ಲಿಗೆ ಕಾದಂಬರಿ ಸಮಾಪ್ತಿ. ಮ್ಯಾನೇಜರ್ ಮೊದಲ ಅಧ್ಯಾಯ ಓದಿ, ಕಟ್ಟಿನ ದಪ್ಪ ನೋಡಿ, ಬಹಳ ಚೆನ್ನಾಗಿದೆ ಎಂದು ಅಚ್ಚಿಗೆ ಕಳಿಸಿದಳು.

ಪುಸ್ತಕ ಬಂತು. ಮುಖಪುಟದ ಮೇಲೆ ಹುಳು, ಹುಳುವಿನ ಬಾಯಿಯ ಕೆಳಗೆ ಅತ್ತೆಯ ಹೆಸರು. ಅತ್ತೆ ಅದರ ಮೇಲೆ ಬೆರಳಾಡಿಸಿ ಹಲಗೆಯ ಮೇಲೆ ಇಟ್ಟಳು, ಮತ್ತೆ ತೆಗೆದು ನೋಡಿದಳು, ಮತ್ತೆ ಇಟ್ಟಳು. ಕಂಪನಿಯ ಜಾಲತಾಣದಲ್ಲಿ ಓದುಗರ ಅಭಿಪ್ರಾಯಗಳು ಬೀಳತೊಡಗಿದವು. ಅವನ್ನು ಓದಿಹೇಳುವ ಕೆಲಸ ನನಗೆ. ಅತ್ತೆ ಬಟ್ಟೆ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಜನರಿಗೆ ತಲೆಗೊಂದು ಮಾತು.

"ಕ್ಯಾಪ್ಟನ್ ಘಳಿಗೆಗೊಮ್ಮೆ ಕನ್ನಡಿ ನೋಡುತ್ತಾನೆ. ಅಂತರಿಕ್ಷದಲ್ಲಿ ಹಿಂದಿನಿಂದ ಯಾರು ಹಾರ್ನ್ ಹೊಡೆಯುತ್ತಾರೆ?" ಎಂದು ಒಬ್ಬ ಬರೆದಿದ್ದ. 'ಉಲ್ಕಾಪಾತ' ಎಂದು ಹೆಸರಿಟ್ಟುಕೊಂಡವನು, ಸೊನ್ನೆ ಕೊಡಲು ಜಾಗವಿಲ್ಲದ್ದರಿಂದ ಒಂದು ನಕ್ಷತ್ರ ಕೊಟ್ಟಿದ್ದೇನೆ ಎಂದಿದ್ದ. ಗೇಮ್ ಎಂದರೇನೆಂದೇ ತಿಳಿಯದ ಒಬ್ಬ ಹಿರಿಯರಿಗೆ, ಕ್ಯಾಪ್ಟನ್ ಎಲ್ಲರೂ ಹತ್ತುವವರೆಗೆ ಕಾಯುವುದು ಮೆಚ್ಚಿಗೆಯಾಗಿತ್ತು, ಹುಳುಗಳನ್ನು ಬಿಟ್ಟಿದ್ದರೂ ನಡೆಯುತ್ತಿತ್ತು ಎಂದಿದ್ದರು. ಹಡಗಿನ ಪಂಪು ರಿಪೇರಿ ಮಾಡುವ ಅಧ್ಯಾಯ ನೋಡಿಕೊಂಡು ಮನೆಯ ಪಂಪು ಸರಿಮಾಡಿದೆ ಎಂದು ಇನ್ನೊಬ್ಬಳು ಪೂರ್ತಿ ನಕ್ಷತ್ರ ಕೊಟ್ಟಿದ್ದಳು. ಇದನ್ನು ಮಾತ್ರ ಅತ್ತೆ ಎರಡು ಸಲ ಓದಿಸಿದಳು.

ಉಳಿದವರದ್ದೆಲ್ಲ ಒಂದೇ ಗೋಳು, ಕೊನೆ ಎಲ್ಲಿ? "ನನ್ನ ಪ್ರತಿಯಲ್ಲಿ ಕೊನೆಯ ಪುಟಗಳು ಉದುರಿವೆ, ಬದಲಿಸಿ ಕೊಡಿ" ಎಂದು ಬಹಳ ಜನ ಕೇಳಿದ್ದರು. 'ಲೇಸರ್ ಹುಲಿ' ಎಂಬವನದ್ದು ದೊಡ್ಡ ಗರ್ಜನೆ: "ಈ ಲೇಖಕಿ ಆಟವನ್ನು ಪೂರ್ತಿ ಆಡಿಯೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ಯಾಪ್ಟನ್ ಹೊರಡಲೇಬೇಕು." ಅದಕ್ಕೆ ನೂರಾರು ಜನ ಹೌದು ಹೌದು ಎಂದು ತಲೆಯಾಡಿಸಿದ್ದರು.

ಮ್ಯಾನೇಜರ್ ಮನೆಗೇ ಬಂದಳು. ಎರಡನೇ ಮುದ್ರಣಕ್ಕೆ ಕೊನೆ ಬದಲಾಗಬೇಕು ಎಂದಳು.

"ನೀವು ಬರೆದುಕೊಟ್ರೆ ಸರಿ ಮೇಡಂ. ಇಲ್ಲ ಅಂದ್ರೆ ಬೇರೆಯವರ ಕೈಲಿ ಬರೆಸ್ತೀವಿ. ಆಗ ಮುಖಪುಟದ ಮೇಲೆ ಅವರ ಹೆಸರು ಬರುತ್ತೆ, ನಿಮ್ಮದು ಹಾಕಕ್ಕಾಗಲ್ಲ."

"ಕಣ್ಣಾರೆ ಕಾಣದ್ದನ್ನ ನಾನು ಬರೆಯಲ್ಲಮ್ಮ," ಎಂದಳು ಅತ್ತೆ. ದನಿ ಸಣ್ಣಗಾಗಿತ್ತು. ಮ್ಯಾನೇಜರ್ ಹೋದ ಮೇಲೆ ಹಲಗೆಯ ಮೇಲಿದ್ದ ಪುಸ್ತಕವನ್ನು ತಂದು ಮಡಿಲಲ್ಲಿ ಇಟ್ಟುಕೊಂಡು ಕೂತಳು. ನನಗೆ ಆ ಕಂಪನಿಯವರನ್ನೆಲ್ಲ ಸಾಲಾಗಿ ಆ ಹುಳುವಿನ ಬಾಯಿಗೆ ಹಾಕಬೇಕೆನಿಸಿತು. ಜೀವಮಾನವಿಡೀ ಕಸದ ಬುಟ್ಟಿಗೆ ಬರೆದವಳಿಗೆ ಒಂದೇ ಒಂದು ಕಡೆ ಹೆಸರು ಸಿಕ್ಕಿತ್ತು, ಅದೂ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಗುತ್ತಿತ್ತು. ಮಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾರನೆಯ ಬೆಳಿಗ್ಗೆ ಅವರು ಸ್ನಾನ ಮಾಡಿ, ತಲೆ ಬಾಚಿ, ಕೆಲಸಕ್ಕೆ ಹೊರಟವರ ಹಾಗೆ ಬಂದು ಕಂಪ್ಯೂಟರ್ ಮುಂದೆ ಕೂತರು.

"ಬಾರೇ. ಬರ್ಕೋ," ಎಂದರು.

"ನಿಮ್ಮ ಕೈಲಿ ಆಗಲ್ಲ ಬಿಡ್ರೀ," ಎಂದಳು ಅತ್ತೆ. ಆದರೂ ಕಾಗದ ಹಿಡಿದು ಹಿಂದಿನ ಕುರ್ಚಿಗೆ ಬಂದಳು.

ಗಾಳಿ ಎದ್ದಿತು, ಸೈರನ್ ಕೂಗಿತು. ಮೂವರು ಓಡಿ ಬರುತ್ತಿದ್ದರು, ಒಬ್ಬ ಕುಂಟುತ್ತಿದ್ದ. ಮಾವ ಕನ್ನಡಿ ನೋಡಿದರು. "ಇನ್ನು ಸ್ವಲ್ಪ ಬೇಗ ಬರ್ರಪ್ಪ," ಎಂದರು ಪರದೆಗೆ. ಅವರು ಬೇಗ ಬರಲಿಲ್ಲ. ಮಾವ ಬಾಗಿಲು ಮುಚ್ಚಿ ಸನ್ನೆಗೋಲು ಎಳೆದರು.

ಹಡಗು ಮೇಲೆದ್ದಿತು. ಪರದೆಯ ತುಂಬ ಅಭಿನಂದನೆಯ ಬಣ್ಣ, ಕಿವಿ ಕಿತ್ತುಹೋಗುವಂಥ ಸಂಗೀತ. ಮಾವ ಅದನ್ನು ನೋಡಲಿಲ್ಲ. ಎದ್ದು, ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿ, ಹಿತ್ತಲಿಗೆ ಹೋಗಿ ಅಲ್ಲಿದ್ದ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಅತ್ತೆ ಅದನ್ನೇ ನೋಡುತ್ತಾ ಒಂದೇ ಸಮನೆ ಬರೆಯುತ್ತಿದ್ದಳು.

"ಅತ್ತೆ, ಹೋಗಿ ಒಂದು ಮಾತಾಡ್ಸಬಾರ್ದಾ?" ಎಂದೆ.

"ತಾಳು, ಮರೆತುಹೋಗತ್ತೆ," ಎಂದಳು.

ಹೊಸ ಕೊನೆ ಅಚ್ಚಾಯಿತು. ಕ್ಯಾಪ್ಟನ್ ಸನ್ನೆಗೋಲು ಎಳೆಯುತ್ತಾನೆ. ಒಳಗಿದ್ದವರು ಚಪ್ಪಾಳೆ ಹೊಡೆಯುತ್ತಾರೆ. ಅವನು ಎದ್ದು ಹಿಂದಿನ ಬೆಂಚಿಗೆ ಹೋಗಿ ಗೋಡೆಯ ಕಡೆ ತಿರುಗಿ ಕೂರುತ್ತಾನೆ. 'ಕ್ಯಾಪ್ಟನ್ ಅಳಲಿಲ್ಲ. ಯಾರೂ ಅವನ ಹತ್ತಿರ ಹೋಗಲಿಲ್ಲ' ಎಂಬಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಖಪುಟದ ಮೇಲೆ ಅತ್ತೆಯ ಹೆಸರು ಉಳಿಯಿತು, ಅಕ್ಷರ ಮೊದಲಿಗಿಂತ ದಪ್ಪವಾಯಿತು. ಲೇಸರ್ ಹುಲಿ ಪೂರ್ತಿ ನಕ್ಷತ್ರ ಕೊಟ್ಟು, "ಈಗ ಸರಿಯಾಯಿತು. ಆದರೆ ಮತ್ತೆ ಆಡಲು ಕೂತರೆ ಆ ಜಾಗದಲ್ಲಿ ಸನ್ನೆಗೋಲು ಎಳೆಯಲು ಕೈ ಬರುತ್ತಿಲ್ಲ. ಒಳ್ಳೆಯ ಆಟ ಹಾಳು ಮಾಡಿದಿರಿ, ಧನ್ಯವಾದ" ಎಂದು ಬರೆದ. ಹೊಗಳಿದನೋ ತೆಗಳಿದನೋ ಎಂದು ಅತ್ತೆ ಕೇಳಿದಳು, ನಾನು ಅದನ್ನು ಇನ್ನೊಮ್ಮೆ ಓದಿಹೇಳಿದೆ.

ಒಬ್ಬ ಓದುಗರ ಅಭಿಪ್ರಾಯ ಬಾಕಿಯಿತ್ತು. ಮಾವ ಅತ್ತೆಯ ಕೈಪಿಡಿಗಳನ್ನು ಕೇಳಿದ್ದರೇ ಹೊರತು ಓದಿದವರಲ್ಲ. ಈ ಸಲ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಹಿತ್ತಲ ಬೆಂಚಿನ ಮೇಲೆ ಅದೇ ಗೋಡೆಯ ಕಡೆ ಮುಖ ಮಾಡಿ ಕೂತು ನಿಧಾನವಾಗಿ ಓದುತ್ತಾ ಹೋದರು. ಅತ್ತೆಗೆ ಆ ದಿನಗಳಲ್ಲಿ ಹಿತ್ತಲಲ್ಲಿ ಎಲ್ಲಿಲ್ಲದ ಕೆಲಸ. ಒಣಗಿದ ಬಟ್ಟೆಯನ್ನು ತೆಗೆದು, ಮತ್ತೆ ಹರವಿದ್ದನ್ನು ನಾನೇ ನೋಡಿದೆ. ಕೊನೆಗೆ ಒಂದು ಮಧ್ಯಾಹ್ನ ಮಾವ ಪುಸ್ತಕದಿಂದ ತಲೆ ಎತ್ತಿದರು.

"ಹೇಗಿದೆ?" ಎಂದಳು ಅತ್ತೆ, ಹಗ್ಗದ ಕಡೆ ನೋಡುತ್ತಾ.

"ಚೆನ್ನಾಗಿದೆ. ಹೆಸರು ದೊಡ್ಡದಾಗಿ ಹಾಕಿದಾರೆ."

"ಒಳಗಡೆ?"

"ಒಳಗೂ ಚೆನ್ನಾಗಿದೆ. ಒಂದು ಕಡೆ ಮಾತ್ರ ತಪ್ಪಾಗಿದೆ." ಅವರು ಕೊನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಅಳಲಿಲ್ಲ ಅಂತ ಬರ್ದಿದೀಯ."

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಾಗೆಯೇ ಹಿಡಿದು ನಿಂತಳು.

"ನೀವು ಗೋಡೆ ಕಡೆ ತಿರುಗಿದ್ರಲ್ರೀ. ನನಗೆ ಬೆನ್ನು ಮಾತ್ರ ಕಾಣ್ತಿತ್ತು."

"ಈ ಕಡೆ ಬಂದು ನೋಡ್ಬೇಕಿತ್ತು," ಎಂದರು ಮಾವ.

ಅತ್ತೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಬೆಂಚನ್ನು ಬಳಸಿ ಹೋಗಿ, ಅವರಿಗೂ ಗೋಡೆಗೂ ನಡುವೆ ಇದ್ದ ಕಿರಿದಾದ ಜಾಗದಲ್ಲಿ ನೆಲದ ಮೇಲೆ ಕೂತಳು.