ಕೌದಿಯ ನಾಲ್ಕನೆಯ ಮೂಲೆ

ಕಸ್ತೂರಿ, ಆ ಕೌದಿಯ ಮೂಲೆ ಬಿಚ್ಚಿದವಳು ನಾನು. ನೀನಲ್ಲ. ಎಂಟು ವರ್ಷದಿಂದ ಈ ಮಾತು ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿದಿದೆ — ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಸಾಂತಾಕ್ರೂಜಿನ ನಮ್ಮ ಚಾಳು ನಿನಗೆ ಮರೆತಿರಲಾರದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಬಿಜಾಪುರ ಕಡೆಯ ನೀವು ಐದಾರು ಮಂದಿ, ಉಡುಪಿ ಕಡೆಯವಳು ನಾನೊಬ್ಬಳು. ನಮ್ಮ ಮನೆಯಲ್ಲಿ ಹಳೆಯ ಸೀರೆ ಎಂದರೆ ನೆಲ ಒರೆಸುವ ಬಟ್ಟೆ, ಅಷ್ಟೇ. ಅದನ್ನು ತುಂಡು ಮಾಡಿ, ಪದರ ಪದರ ಜೋಡಿಸಿ, ಹೊದೆಯುವ ಕೌದಿ ಮಾಡಲು ನನಗೆ ಕಲಿಸಿದವರು ನಿನ್ನ ಓರಗಿತ್ತಿ ಗಂಗವ್ವಕ್ಕ. ಮೊದಲ ದಿನವೇ ಹೇಳಿದ್ದರು: "ನೋಡಿ ಕಲಿ, ಕೇಳಿ ಕಲಿ. ಬಿಚ್ಚಿ ಮಾತ್ರ ಕಲೀಬ್ಯಾಡ ಗಿರಿಜಾ."

ಎಷ್ಟು ಚಂದದ ಕೂಟ ಅದು! ಒಬ್ಬಳಿಗೆ ಮೋರಿಯ ಜಾಲರಿಯಲ್ಲಿ ಹೊಸ ಚಿತ್ತಾರ ಕಾಣುತ್ತಿತ್ತು, ಅದನ್ನು ನೋಡಿ ಇನ್ನೊಬ್ಬಳಿಗೆ ಬೇರೆಯೇನೋ ಹೊಳೆಯುತ್ತಿತ್ತು. ನಿನಗೆ ಲೋಕಲ್ ಗಾಡಿಯ ಕಿಟಕಿಯ ಸರಳುಗಳು. ಗಂಗವ್ವಕ್ಕ ಸ್ಟೇಷನ್ನಿನ ಹಳಿಗಳು ಒಂದರೊಳಗೊಂದು ಸೇರುವುದನ್ನೇ ಹೊಲಿದುಬಿಟ್ಟರು — ಪಟ್ಟಿಗಳು ಎಲ್ಲಿ ಶುರು, ಎಲ್ಲಿ ಮುಗಿಯಿತು, ಒಂದೂ ಕಾಣದ ಹಾಗೆ. ನನಗೆ ಮಾತ್ರ ಏನೂ ಹೊಳೆಯಲಿಲ್ಲ. ನೀನು ಹೇಳಿದ್ದೆ: "ಗಿರಿಜಕ್ಕಾ, ನಿಮ್ಮ ಕಡಿ ಮೀನ ಹಿಡಿಯೂ ಬಲಿ ಇರ್ತಾವಲ್ರೀ, ಅದನ್ನ ಹೊಲೀರಿ." ನಾನು ಮುಖ ಸೊಟ್ಟ ಮಾಡಿದೆ. ಬಲೆಯೂ ಒಂದು ಚಿತ್ತಾರವಾ, ಎಂದುಕೊಂಡೆ. ನನಗೆ ಹಳಿಗಳೇ ಬೇಕಿತ್ತು. ಹೊಟ್ಟೆಕಿಚ್ಚು — ಬೇರೆ ಹೆಸರು ಯಾಕೆ ಕೊಡಲಿ?

ಊರಿನಿಂದ ಮಾವ ಬರುತ್ತಾರೆ, ಹೊದೆಯಲು ಬೇಕು ಎಂದು ಸುಳ್ಳು ಹೇಳಿ ಗಂಗವ್ವಕ್ಕನ ಆ ಕೌದಿಯನ್ನು ಎರಡು ದಿನಕ್ಕೆ ಕೇಳಿ ತಂದೆ. ಬಾಗಿಲು ಹಾಕಿಕೊಂಡು ನಾಲ್ಕನೆಯ ಮೂಲೆಯ ಹೊಲಿಗೆ ಬಿಚ್ಚಿ, ಪಟ್ಟಿಗಳ ಮಡಿಕೆ ನೋಡಿಕೊಂಡೆ. ಒಳಗಿನಿಂದ ಗಟ್ಟಿಯಾದ ಒಂದು ಚೂರು ಉದುರಿತು. ಹಳೆಯ ಹಪ್ಪಳ, ಇಲಿ ಎಳೆದು ತಂದದ್ದಿರಬೇಕು ಎಂದುಕೊಂಡು ಗ್ಯಾಲರಿಯಿಂದ ಕಾಗೆಗೆ ಎಸೆದೆ. ಮೂಲೆ ಹೊಲಿದು ಕೌದಿ ಹಿಂದಿರುಗಿಸಿದೆ.

ಮರುದಿನ ಗಂಗವ್ವಕ್ಕ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ಒತ್ತಿದರು. ಅವರು ಬಾಯಿಬಿಟ್ಟು ಹೇಳಿದಾಗಲೇ ನನಗೆ ತಿಳಿದದ್ದು — ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ಜೋಳದ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತೀರಿ ಎಂದು. ಅದು ನಿಮ್ಮಿಬ್ಬರ ಅತ್ತೆ ಸಾಯುವ ಮುಂಚೆ ತಟ್ಟಿದ ಕೊನೆಯ ರೊಟ್ಟಿಯದು ಎಂದು.

"ಅಲ್ಲಿ ರೊಟ್ಟಿ ಐತಂತ ಹೊರಗಿನವರಿಗೇನ ಗೊತ್ತು?" ಎಂದು ಅವರು ನಿನ್ನ ಕಡೆ ತಿರುಗಿದರು. "ಹೊಟ್ಟ್ಯಾಗಿನ ಕೂಸಿನ ಕೌದಿಗೆ ಬೇಕಾಗಿತ್ತಂದ್ರ ಕೇಳಬೇಕಿತ್ತಲ್ಲ ಕಸ್ತೂರಿ."

"ನಾ ಮುಟ್ಟಿಲ್ಲಕ್ಕಾ."

ಆಮೇಲೆ ನನ್ನನ್ನು ಕೇಳಿದರು: "ಗಿರಿಜಾ, ನಿನ್ನ ಮನ್ಯಾಗ ಇದ್ದಾಗ ಮೂಲಿ ಸರಿ ಇತ್ತಿಲ್ಲೋ?"

"ಸರಿ ಇತ್ತಲ್ಲ ಗಂಗವ್ವಕ್ಕ," ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅಷ್ಟೂ ಮಾಡಲಿಲ್ಲ — ಸೂಜಿಗೆ ದಾರ ಪೋಣಿಸುತ್ತ ಕೂತೆ. ನಿಜ ಹೇಳಿದರೆ ಚಾಪೆಯಿಂದ ಎಬ್ಬಿಸುತ್ತಾರೆ ಎಂಬ ಭಯ. ನನ್ನ ಬದಲು ನೀನು ಎದ್ದೆ. ನಿನ್ನ ಕಿಟಕಿಯ ಸರಳುಗಳು ಅರ್ಧಕ್ಕೇ ನಿಂತವು. ಕೂಸು ಹುಟ್ಟುವ ಮುಂಚೆಯೇ ನೀವು ಚೆಂಬೂರಿಗೆ ಮನೆ ಬದಲಿಸಿದಿರಿ, ಮಗು ಅಂಗಡಿಯ ಕಂಬಳಿಯಲ್ಲಿ ಮಲಗಿತು ಎಂದು ಕೇಳಿದೆ. ನಾನು ಹಳಿಗಳ ಕೌದಿ ಹೊಲಿದೆ, ಎಲ್ಲರೂ ಹೊಗಳಿದರು. ಅದನ್ನು ಒಂದು ದಿನವೂ — ಇರಲಿ. ಅದನ್ನು ಹೇಳಿ ನಿನ್ನ ಕರುಣೆ ಕೇಳುವುದು ಬೇಡ.

ಈ ವರ್ಷ ಬಲೆಯ ಕೌದಿಗೆ ಕೂತೆ. ನೀಲಿ ಸೀರೆಯ ಮೇಲೆ ಬಿಳಿ ಪಂಚೆಯ ಪಟ್ಟಿಗಳು, ನೀನು ಹೇಳಿದ್ದೇ. ಎಲ್ಲರೂ ಕೇಳಿದರು, ಈ ಯೋಚನೆ ಎಲ್ಲಿಂದ ಬಂತು ಎಂದು. ನಿನ್ನ ಹೆಸರು ಹೇಳಬೇಕಾಯಿತು. ಹೆಸರು ಬಾಯಿಗೆ ಬಂದ ಮೇಲೆ ಉಳಿದದ್ದೂ ಬಂತು. ಅಲ್ಲೇ, ಎಲ್ಲರ ಎದುರು, ಗಂಗವ್ವಕ್ಕನಿಗೆ ಹೇಳಿದೆ.

"ಕಾಗಿಗೆ ಒಗದ್ಯಾ?" ಎಂದು ಕೇಳಿದರು. ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ, "ರೊಟ್ಟಿ ಹೋತಂತ ಅಲ್ಲ ಗಿರಿಜಾ. ಆ ಹುಡುಗಿ ಮುಟ್ಟಿಲ್ಲ ಅಂದ್ಲು, ನಾ ಕೇಳಲಿಲ್ಲ. ಐತವಾರ ಚೆಂಬೂರಿಗೆ ಹೋಗೂಣು. ಮೊದಲ ನೀ ಹೇಳು, ಆಮ್ಯಾಲ ನಾ," ಎಂದರು.

ಅದಕ್ಕೆ ಈ ಕಾಗದ. ನಾವು ಬರುವ ಮುಂಚೆ ತಲುಪಲಿ. ಬಾಗಿಲು ತೆಗೆಯುವುದೋ ಬೇಡವೋ, ನೀನೇ ಯೋಚಿಸು. ತೆಗೆಯದಿದ್ದರೂ ಹೊಸ್ತಿಲಲ್ಲೇ ನಿಂತು ಹೇಳಿ ಬರುತ್ತೇನೆ. ಬಲೆಯ ಕೌದಿ ನಿನ್ನ ಮಗಳಿಗೆ. ಗಂಗವ್ವಕ್ಕ ರೊಟ್ಟಿ ತಟ್ಟಿ ತರುತ್ತಾರೆ; ಚೂರು ಮುರಿದು ಒಳಗಿಡುವುದು, ಇಡದಿರುವುದು ನಿನ್ನ ಕೈಯಲ್ಲಿದೆ. ಮೂರು ಮೂಲೆ ಹೊಲಿದಿದ್ದೇನೆ. ನಾಲ್ಕನೆಯದು ಬಿಚ್ಚಿಯೇ ಇದೆ — ಈ ಸಲ ಬಿಟ್ಟವಳು ಯಾರೆಂದು ಇಡೀ ಚಾಳಿಗೆ ಗೊತ್ತು.