ಹೊಳೆ ಮೇಲೆ ಆದ ನಿಶ್ಚಿತಾರ್ಥ

ಹರಿಹರದ ಹತ್ತಿರ ಹೆದ್ದಾರಿಗೆ ಹೊಸ ಸೇತುವೆ ಕಟ್ಟುವಾಗ ನಾನು ಅಲ್ಲಿ ಸೈಟ್ ಎಂಜಿನಿಯರ್. ದಾವಣಗೆರೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಎರಡೂ ದಡದಿಂದ ಕಟ್ಟಿಕೊಂಡು ಬಂದ ಸೇತುವೆಯ ನಡುವೆ ಕೊನೆಗೆ ಎರಡು ಮಾರಿನಷ್ಟು ಸಂದು ಉಳಿದಿತ್ತು. ಅದರ ಕೆಳಗೆ ಹಲಗೆ ಬಿಗಿದು ಕಬ್ಬಿಣ ಕಟ್ಟಿಯಾಗಿತ್ತು. ಕಾಂಕ್ರೀಟ್ ಸುರಿಯುವುದಷ್ಟೇ ಬಾಕಿ. ಎರಡೂ ತುದಿ ಸರಿಯಾಗಿ ಕೂಡುತ್ತವೋ ಇಲ್ಲವೋ ಎಂದು ಹಿಂದಿನ ರಾತ್ರಿ ನನಗೆ ನಿದ್ದೆಯೇ ಹತ್ತಿರಲಿಲ್ಲ.

ಬೆಳಿಗ್ಗೆ ಮೊದಲ ಕಾಂಕ್ರೀಟ್ ಲಾರಿ ಬಂತು. ಅದರ ಬೆನ್ನಿಗೇ ಹೂವಿನ ಹಾರ ಹಾಕಿಕೊಂಡ ಟೆಂಪೊ, ಅದರ ಹಿಂದೆ ಉಳಿದ ಲಾರಿಗಳು. ಟೆಂಪೊದಿಂದ ಇಳಿದವರು ನಿಶ್ಚಿತಾರ್ಥಕ್ಕೆ ಹೊರಟಿದ್ದ ಮಲೆಬೆನ್ನೂರಿನ ಗಂಡಿನ ಕಡೆಯವರು. ಅವರ ಮೊಬೈಲಿನ ನಕ್ಷೆಯಲ್ಲಿ ಸೇತುವೆ ಆಗಲೇ ಪೂರ್ತಿಯಾಗಿತ್ತು. ಹಣ್ಣು, ತೆಂಗಿನಕಾಯಿಯ ತಟ್ಟೆ ಕಂಡ ನಮ್ಮ ವಾಚ್‌ಮನ್, ಅಂದು ಇದ್ದ ಸೇತುವೆಯ ಪೂಜೆಗೆ ಬಂದವರೆಂದು ಸಲಾಮು ಹೊಡೆದು ಒಳಗೆ ಬಿಟ್ಟಿದ್ದ.

“ಹೊಸ ಸೇತುವೆ ಮ್ಯಾಲೆ ಅದೀವಿ” ಎಂದು ಅವರು ಫೋನ್ ಮಾಡಿದ್ದರಿಂದ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಆಚೆ ದಡದಿಂದ ಎದುರುಗೊಳ್ಳಲು ಬಂದರು. ಕುತೂಹಲ ತಡೆಯದೆ ಹುಡುಗಿಯೂ ಬಂದಿದ್ದಳು. ಸಂದಿನ ಆಚೀಚೆ ನಿಂತು ಎಲ್ಲರೂ ಕೈಮುಗಿದರು.

“ಟೆಂಪೊ ಹಿಂದಕ್ಕೆ ತಗೋರಿ, ಹಳೇ ಸೇತುವೆ ಮ್ಯಾಲೆ ಹೋಗ್ರಿ” ಎಂದೆ.

“ಹೆಂಗೆ ತಗೋಬೇಕವ್ವಾ? ಹಿಂದೆ ನಿಮ್ಮ ಲಾರಿನೇ ನಿಂತಾವಲ್ಲ. ಇನ್ನೇನು ರಾಹುಕಾಲ ಬರ್ತೈತೆ” ಎಂದರು ಹುಡುಗನ ಸೋದರಮಾವ.

ಕಾಂಕ್ರೀಟ್ ಸುರಿಯದೆ ಲಾರಿಗಳನ್ನು ವಾಪಸು ಕಳಿಸುವಂತಿರಲಿಲ್ಲ. ಶಾಸ್ತ್ರ ಇಲ್ಲೇ ಆಗಲಿ ಎಂದು ಎರಡೂ ಕಡೆಯ ಹಿರಿಯರು ಕೂಗಾಡಿ ಒಪ್ಪಿಕೊಂಡರು. ಎಲ್ಲರೂ ಹೆಲ್ಮೆಟ್ ಹಾಕಬೇಕು ಎಂದು ನಾನು ಹಟ ಹಿಡಿದೆ.

“ಬ್ಯಾಡ್ರಿ, ಹೂವು ನಲುಗ್ತಾವೆ” ಎಂದರು ಹುಡುಗಿಯ ತಾಯಿ. ಹುಡುಗಿ ಮಾತ್ರ ತಾನೇ ಇಸಿದುಕೊಂಡು ಮಲ್ಲಿಗೆಯ ಮೇಲೆ ಹಳದಿ ಹೆಲ್ಮೆಟ್ ಇಟ್ಟು ಪಟ್ಟಿ ಬಿಗಿದಳು.

ಸೀರೆಯ ತಟ್ಟೆಯನ್ನು ಕ್ರೇನಿನ ಬುಟ್ಟಿಯಲ್ಲಿಟ್ಟು ಹಸಿರು ಬಾವುಟ ಬೀಸಿಸಿದೆ. ಬುಟ್ಟಿ ತೂಗಾಡುತ್ತಾ ಆಚೆ ಇಳಿಯಿತು. ಇತ್ತ ಟೆಂಪೊದಲ್ಲಿ ಬಂದಿದ್ದ ಪುರೋಹಿತರು, ಅಯ್ನೋರು, ಮಂತ್ರ ಹೇಳುತ್ತಿದ್ದರೆ ಕಾಂಕ್ರೀಟ್ ಪಂಪು ಗುಡುಗುತ್ತಿತ್ತು.

“ಅದನ್ನ ಒಂದೀಟು ನಿಲ್ಲಿಸ್ರಿ” ಎಂದರು.

“ನಿಲ್ಲಿಸಿದ್ರೆ ಪೈಪು ಕಟ್ಟಿಕೊಳ್ತೈತ್ರೀ, ನೀವೇ ಜೋರಾಗಿ ಹೇಳ್ರಿ” ಎಂದೆ.

ಅವರು ಗಂಟಲು ಹರಿಯುವಂತೆ ಕೂಗಿದರು. ಮಂತ್ರದ ನಡುವೆಯೇ ಹುಡುಗಿ ನೇರವಾಗಿ ಹುಡುಗನನ್ನೇ ಕೇಳಿದಳು: “ನಿಮಗೆ ಈಜು ಬರ್ತೈತೇನ್ರಿ?”

ಹುಡುಗ ಕೆಳಗಿನ ನೀರು ನೋಡಿದ. “ಇಲ್ರಿ. ಹೊಳೆ ಕಂಡ್ರೆ ಹೆದರಿಕೆ.”

“ನನಗೆ ಬರ್ತೈತೆ. ಆಯ್ತು, ಒಪ್ಪಿಗೆ ಐತೆ” ಎಂದಳು.

ಸಂದು ತುಂಬಿದ ಮೇಲೆ, ನಿಜವಾಗಿ ಪೂಜೆ ಮಾಡಬೇಕಿದ್ದ ಸಾಹೇಬರು ಬಂದರು. ಒಡೆದ ಕಾಯಿ ನೋಡಿ, “ಪೂಜೆ ಯಾರು ಮಾಡಿದ್ದು?” ಎಂದು ಕೇಳಿದರು.

“ನಮ್ಮ ಅಯ್ನೋರು ಎಲ್ಲಾ ಮುಗಿಸ್ಯಾರೆ. ತಗೋರಿ, ಪೇಡೆ ತಿನ್ರಿ” ಎಂದರು ಸೋದರಮಾವ. ಸಾಹೇಬರು ನನ್ನ ಮುಖ ನೋಡಿದರು, ಪೇಡೆ ತಿಂದರು.

ಲಾರಿಗಳು ಹೋದ ಮೇಲೆ ಟೆಂಪೊ ಹಿಮ್ಮುಖವಾಗಿ ಹೊರಟಿತು. “ಬರ್ಲಿ, ಬರ್ಲಿ” ಎನ್ನುತ್ತಾ ಸೋದರಮಾವ ಅದರ ಹಿಂದೆ ನಡೆದರು. ಹುಡುಗ ಕಿಟಕಿಯಿಂದ ಕತ್ತು ಹೊರಹಾಕಿ ಆಚೆ ದಡವನ್ನೇ ನೋಡುತ್ತಿದ್ದ.