ಮ್ಯೂಸಿಯಂನಿಂದ ತಂದ ನಿಂಬೆಹಣ್ಣು

ನಾನು ಒಂಬತ್ತನೇ ಕ್ಲಾಸಿನ ಅರ್ಧಕ್ಕೇ ಶಾಲೆ ಬಿಟ್ಟವನು. ಮೈಸೂರಿನಲ್ಲಿ ಲೇತ್ ಮುಂದೆ ನಿಂತು ಕೆಲಸ ಕಲಿತೆ. ಈಗ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೆಷಿನ್ ನಡೆಸುತ್ತೇನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ದುಡಿದ ಮೈ ನನ್ನದು, ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಮನೆಯ ಸುತ್ತಮುತ್ತ ಇರುವವರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಯಾರ ಮನೆಯ ಊಟಕ್ಕೆ ಹೋದರೂ ತಟ್ಟೆ ಕೈಗೆ ಬರುವ ಮೊದಲೇ "ನೀವು ಓದಿದ್ದೆಲ್ಲಿ?" ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೇ ಶಾಲೆಯ ಬಾಕಿ ಪರೀಕ್ಷೆ ಕಟ್ಟಿ ಮುಗಿಸಿ ಸಂಜೆ ಕಾಲೇಜು ಸೇರಿದೆ. ಆಮೇಲೆ ಯಾರು ಕೇಳಿದರೂ "ಇನ್ನೂ ಓದ್ತಾ ಇದೀನಿ" ಎನ್ನುತ್ತಿದ್ದೆ. ಅದನ್ನು ಹೇಳುವಾಗ ಅವರೆಲ್ಲ ಓದಿ ಮುಗಿಸಿಬಿಟ್ಟ ಬಡಪಾಯಿಗಳಂತೆ ಕಾಣುತ್ತಿದ್ದರು.

ಗಣಿತ ಪಾಸಾಯಿತು, ಇಂಗ್ಲಿಷ್ ಹೇಗೋ ದಾಟಿತು. ಕೊನೆಗೆ ಉಳಿದದ್ದು ಒಂದೇ ಒಂದು, ಕಲೆಯನ್ನು ಮೆಚ್ಚುವ ಕ್ಲಾಸು. ಕಾರ್ಖಾನೆಯಲ್ಲಿ ಮೆಷಿನ್ ನಡೆಸುವವನಿಗೆ ಇದೇಕೆ ಎಂದು ಕಾಲೇಜಿನವರನ್ನು ಕೇಳಿದ್ದಕ್ಕೆ, ಎಲ್ಲರಿಗೂ ಕಡ್ಡಾಯ ಎಂದರು.

"ಮೆಚ್ಚೋದಕ್ಕೂ ಕ್ಲಾಸಾ ಅಳಿಯಂದ್ರೇ?" ಎಂದರು ಅತ್ತೆ. ಅವರು ಮೈಸೂರಿನಲ್ಲಿ ಹೆಡ್‌ಮಿಸ್ ಆಗಿ ರಿಟೈರಾದವರು, ನಮ್ಮ ಜೊತೆ ಇರಲು ಬಂದಿದ್ದರು. "ಮೆಚ್ಚದೇ ಹೋದ್ರೆ?"

"ಫೇಲು, ಅತ್ತೆ."

"ಹಾಗಾದ್ರೆ ಮೆಚ್ಚಿಬಿಡಿ, ಅದಕ್ಕೇನಂತೆ."

ನಾನು ಪದವಿಯ ಕಪ್ಪು ಗೌನು ಹಾಕಿಕೊಂಡು ನಿಲ್ಲುವುದನ್ನು ನೋಡಿಯೇ ಊರಿಗೆ ಹೋಗುವುದೆಂದು ಅವರು ವಾಪಸು ಹೋಗುವ ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿಕೊಂಡಿದ್ದರು. ಆ ಫೋಟೋ ಹಾಕಲೆಂದು ನಾನು ಹಾಲ್‌ನ ಗೋಡೆಗೆ ಮೊಳೆಯನ್ನೂ ಹೊಡೆದಿದ್ದೆ. ಬಂದವರೆಲ್ಲ ಆ ಬೋಳು ಮೊಳೆಯನ್ನು ನೋಡಿ ಏನೆಂದು ಕೇಳುತ್ತಿದ್ದರು, ನಾನು ವಿವರಿಸುತ್ತಿದ್ದೆ. ಆದ್ದರಿಂದ ಫೇಲಾಗುವ ಮಾತೇ ಇರಲಿಲ್ಲ.

ಮೊದಲ ಪಾಠವೇ ಕೈಕೊಟ್ಟಿತು. ಯಾವುದಾದರೂ ಮ್ಯೂಸಿಯಂಗೆ ಹೋಗಿ ಆಧುನಿಕವಾದದ್ದೊಂದನ್ನು ನೋಡಿ ನಿಮಗೆ ಏನನ್ನಿಸಿತು ಬರೆಯಿರಿ ಎಂದರು ಟೀಚರಮ್ಮ. ಕುತ್ತಿಗೆಗೆ ದಪ್ಪ ಮರದ ಮಣಿಗಳ ಸರ ಹಾಕುವ ತೆಳ್ಳನೆಯ ಹೆಂಗಸು ಅವರು. ಯಾರ ಮಾತಿಗೂ ನಗುತ್ತಿರಲಿಲ್ಲ. ನನ್ನ ಹೆಂಡತಿಯ ಚಿಕ್ಕಮ್ಮನ ಮನೆ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿದೆ. ಅತ್ತೆಯನ್ನು ಒಂದಷ್ಟು ದಿನ ತಂಗಿಯ ಮನೆಯಲ್ಲಿ ಬಿಟ್ಟ ಹಾಗೂ ಆಯಿತು, ಮ್ಯೂಸಿಯಂ ನೋಡಿದ ಹಾಗೂ ಆಯಿತು ಎಂದು ಶಿಕಾಗೋಗೆ ಡ್ರೈವ್ ಮಾಡಿದೆವು.

ಅಲ್ಲಿ ಒಂದು ಕುರ್ಚಿಯಿತ್ತು. ಎಂಥ ಕುರ್ಚಿ ಎಂದರೆ, ಬಂದ ನೆಂಟರು ಬೇಗ ಎದ್ದು ಹೋಗಲಿ ಎಂದೇ ಯಾರೋ ಹಟ ಹಿಡಿದು ಮಾಡಿದಂತಿತ್ತು. ಪಕ್ಕದ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಒಂದು ಚಿತ್ರ. ಪೂರ್ತಿ ಬಿಳಿ. ಚಿತ್ರ ಇನ್ನೂ ಬರೆಯುತ್ತಿದ್ದಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಬರಲಿಲ್ಲ. ಹೆಂಡತಿ ಪಿಸುಗುಟ್ಟಿದಳು, "ರೀ, ನಮ್ಮ ಬಾಡಿಗೆ ಮನೆ ಖಾಲಿ ಮಾಡುವಾಗ ಓನರ್ ಇಷ್ಟು ಬೆಳ್ಳಗೆ ಮಾಡಿ ಕೊಡಿ ಅಂದಿದ್ರಲ್ಲ, ನೆನಪಿದ್ಯಾ?"

"ಪೇಂಟ್ ಸಮನಾಗಿ ಬಂದಿದೆ. ಎಲ್ಲೂ ಸೋರಿಲ್ಲ. ತುಂಬಾ ಚೆನ್ನಾಗಿದೆ" ಎಂದು ಬರೆದುಕೊಟ್ಟೆ. ಟೀಚರಮ್ಮ ನನ್ನನ್ನು ಕರೆದು, ಕೇಳಿದ್ದು ಚಿತ್ರಕ್ಕೆ ಏನಾಗಿದೆ ಎಂದಲ್ಲ, ಅದರ ಮುಂದೆ ನಿಂತಾಗ ನಿಮಗೇನಾಯಿತು ಎಂದರು. ನನಗೇನೂ ಆಗಲಿಲ್ಲ, ಆರಾಮಾಗಿದ್ದೆ ಎಂದೆ. ಅವರು ಕಣ್ಣು ಮುಚ್ಚಿ ಮಣಿಸರ ಹಿಡಿದುಕೊಂಡರು. ಹೀಗೇ ಆದರೆ ಪಾಸು ಮಾಡಲು ಬರುವುದಿಲ್ಲ, ಕೊನೆಗೆ ಎಲ್ಲರೂ ಒಂದು ಭಾಷಣ ಮಾಡಬೇಕು, ಅದರಲ್ಲಾದರೂ ನಿಜವಾಗಿ ಏನಾದರೂ ಆಗಿರಬೇಕು ಎಂದರು. ಗೋಡೆಯ ಮೊಳೆ ನೆನಪಾಗಿ ನನಗೆ ಆಗಲೇ ಏನೋ ಆಗತೊಡಗಿತು.

ಮುಂದಿನ ಶನಿವಾರ ಇಡೀ ಕ್ಲಾಸನ್ನು ಡೆಟ್ರಾಯಿಟ್ ಕಡೆಯ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಖಾಲಿ ಕೋಣೆಯೊಂದರ ಮೂಲೆಯಲ್ಲಿ ನಿಂಬೆಹಣ್ಣಿನ ರಾಶಿ. ನಿಜವಾದ ನಿಂಬೆಹಣ್ಣು, ನನ್ನ ಎದೆಯ ಎತ್ತರಕ್ಕೆ. ಅದೇ ಕಲೆ. ಬಂದವರು ಒಂದೊಂದು ತೆಗೆದುಕೊಂಡು ಹೋಗಬಹುದು ಎಂದು ಬೋರ್ಡಿತ್ತು. ನಾನು ಅಭ್ಯಾಸಬಲದಿಂದ ಬಲಗೈಯ ಕೆಳಗೆ ಎಡಗೈ ಇಟ್ಟು ಒಂದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ನನ್ನ ಹಿಂದೆ ನಮ್ಮ ಕ್ಲಾಸಿನ ಟ್ರಕ್ ಡ್ರೈವರ್ ಇದ್ದ. ಆರಡಿ ಆಳು, ತೋಳಿನ ತುಂಬ ಹಚ್ಚೆ. ಇದೇ ಕ್ರಮವಿರಬೇಕು ಎಂದುಕೊಂಡು ಅವನೂ ಕಣ್ಣಿಗೊತ್ತಿಕೊಂಡ. ಅವನ ಹಿಂದಿನ ಅಜ್ಜಿಯೂ ಒತ್ತಿಕೊಂಡಳು. ಸಾಲಿನಲ್ಲಿದ್ದವರೆಲ್ಲ ಭಕ್ತಿಯಿಂದ ಕಣ್ಣಿಗೊತ್ತಿಕೊಂಡೇ ಮುಂದೆ ಹೋದರು. ಕಾವಲಿನವನು ಗಾಬರಿಯಿಂದ ಬೋರ್ಡನ್ನು ಇನ್ನೊಮ್ಮೆ ಓದಿಕೊಂಡ. ಮನೆಯವರಿಗೂ ಒಂದೆರಡು ಕೊಡಿ ಎಂದು ಅವನನ್ನು ಕೇಳಿದೆ. ಕೊಡಲಿಲ್ಲ.

ಟೀಚರಮ್ಮ ಕೆಲಸ ಹೇಳಿದರು. ಈ ಹಣ್ಣನ್ನು ದಿನಾ ಕಣ್ಣಿಗೆ ಬೀಳುವ ಕಡೆ ಇಡಿ. ಕತ್ತರಿಸಬೇಡಿ, ಹಿಂಡಬೇಡಿ. ಅದು ಒಣಗುವುದನ್ನು ನೋಡಿ. ಮೂರು ವಾರ ಬಿಟ್ಟು ಅದನ್ನು ಕ್ಲಾಸಿಗೆ ತಂದು, ನಿಮಗೇನಾಯಿತು ಹೇಳಿ. ಅದೇ ಕೊನೆಯ ಭಾಷಣ.

"ಒಂದೇನಾ ತಂದಿದ್ದು?" ಎಂದಳು ಹೆಂಡತಿ. "ಅಷ್ಟು ದೂರ ಹೋಗಿ?"

"ಇದು ಆರ್ಟು ಕಣೇ. ಮುಟ್ಟಬೇಡ."

ಎಲ್ಲಿಡುವುದು? ಅಡುಗೆಮನೆಯಲ್ಲಿಟ್ಟರೆ ಚಿತ್ರಾನ್ನಕ್ಕೆ ಹೋಗುತ್ತದೆ. ಕೊನೆಗೆ ದೇವರ ಗೂಡಿನಲ್ಲಿ, ದೀಪದ ಪಕ್ಕ ಇಟ್ಟೆ. ನಮ್ಮ ಮನೆಯಲ್ಲಿ ಅಲ್ಲಿಂದ ಏನನ್ನೂ ಯಾರೂ ಎತ್ತುವುದಿಲ್ಲ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಅದರ ಮುಂದೆ ನಿಂತು ನೋಡುತ್ತಿದ್ದೆ. "ದೇವರ ಮುಂದೆ ಒಂದಿನ ನಿಂತವರಲ್ಲ, ಈಗ ನೋಡು" ಎನ್ನುತ್ತಿದ್ದಳು ಇವಳು. ಮೊದಲು ಹಣ್ಣು ಫಳಫಳ ಹೊಳೆಯುತ್ತಿತ್ತು. ಆಮೇಲೆ ತೊಟ್ಟಿನ ಹತ್ತಿರ ಕಂದು ಚುಕ್ಕೆ ಬಂತು. ಸಿಪ್ಪೆ ಬಿಗಿಯಾಯಿತು, ಗಾತ್ರ ಕುಗ್ಗಿತು. ನನಗೆ ನನ್ನದೇ ಕಥೆಯಂತೆ ಕಂಡಿತು: ಮೇಲೆ ಒರಟು, ಒಳಗೆ ರಸ. ಭಾಷಣಕ್ಕೆ ಇದಕ್ಕಿಂತ ಬೇಕೇ! ಕಾರು ಓಡಿಸುತ್ತ ಜೋರಾಗಿ ಅಭ್ಯಾಸ ಮಾಡಿದೆ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು.

ಅಷ್ಟರಲ್ಲಿ ಅತ್ತೆ ಎಲ್ಕ್ ಗ್ರೋವ್‌ನಿಂದ ವಾಪಸು ಬಂದರು. ದೇವರ ಮುಂದೆ ನಿಂಬೆಹಣ್ಣು ನೋಡಿದರು, ಏನೂ ಕೇಳಲಿಲ್ಲ. ದೇವರ ಮುಂದೆ ನಿಂಬೆಹಣ್ಣಿದ್ದರೆ ಕೇಳುವುದೇನಿದೆ?

ಭಾಷಣ ಸೋಮವಾರ. ಭಾನುವಾರ ನನಗೆ ಓವರ್‌ಟೈಮ್ ಇತ್ತು. ಮಧ್ಯಾಹ್ನ ಮನೆಗೆ ಬಂದರೆ ಪಕ್ಕದ ಮನೆಯ ಡ್ರೈವ್‌ವೇಯಲ್ಲಿ ಹೊಸ ಎಲೆಕ್ಟ್ರಿಕ್ ಕಾರು, ಬಾನೆಟ್ ಮೇಲೆ ಅರಿಸಿನ ಕುಂಕುಮ, ಒಡೆದ ತೆಂಗಿನಕಾಯಿ. ಆ ಮನೆಯ ಹುಡುಗ ಹುಬ್ಬಳ್ಳಿ ಕಡೆಯವನು, ಸಾಫ್ಟ್‌ವೇರಿನವನು. ಪೂಜೆ ಮಾಡಿಸಿದ್ದು ನಮ್ಮ ಅತ್ತೆ.

"ಬರ್ರಿ ಅಣ್ಣಾರ!" ಎಂದ ಹುಡುಗ. "ಆಂಟಿಯವರು ಭಾಳ ಚಂದ ಪೂಜಾ ಮಾಡಿಸಿದ್ರು ನೋಡ್ರಿ. ಮನ್ಯಾಗ ಲಿಂಬಿಹಣ್ಣು ಮೂರ ಇದ್ವು, ಗಾಲಿ ನಾಕು. ನಾಕನೇದು ಆಂಟಿಯವರ ಕೊಟ್ರು."

ನನ್ನ ಎದೆ ಧಸಕ್ಕೆಂದಿತು. ಕೆಳಗೆ ನೋಡಿದೆ. ಮುಂದಿನ ಎಡಚಕ್ರದ ಹಿಂದೆ ನನ್ನ ಕಲೆ ಚಪ್ಪಟೆಯಾಗಿ ಮಲಗಿತ್ತು.

"ಅತ್ತೇ, ಅದು ನನ್ನ ಪರೀಕ್ಷೆ!"

"ನಿಂಬೆಹಣ್ಣು ಯಾವ ಸಬ್ಜೆಕ್ಟಪ್ಪಾ?" ಎಂದರು ಅತ್ತೆ. "ದೇವರ ಹತ್ರ ಇದ್ದಿದ್ದು, ಇನ್ನೂ ಶ್ರೇಷ್ಠ ಅಂತ ಕೊಟ್ಟೆ. ಸ್ವಲ್ಪ ಗಟ್ಟಿ ಇತ್ತು ನಿಜ. ಕಾರು ಎರಡು ಸಲ ಹತ್ತಿಳಿಯಬೇಕಾಯ್ತು."

ಹೆಂಡತಿ ಓಡಿ ಬಂದಳು. ಅಂಗಡಿಯಿಂದ ಹೊಸದು ತಂದು ಓವನ್‌ನಲ್ಲಿಟ್ಟು ಒಣಗಿಸಿಬಿಡೋಣ ಎಂದಳು. ಹುಡುಗ ಹೇರ್ ಡ್ರೈಯರ್ ತರಲು ಒಳಗೆ ಹೊರಟ.

"ಕಾಪಿ ಹೊಡೆಯೋ ಹಾಗಿಲ್ಲ!" ಎಂದರು ಅತ್ತೆ. ಆ ಒಂದು ಗದರಿಕೆಗೆ ಹುಡುಗ ಬಾಗಿಲಲ್ಲೇ ನಿಂತ.

ನನಗೂ ಅದು ಬೇಕಿರಲಿಲ್ಲ. ಇಷ್ಟು ವರ್ಷ ದುಡಿದು ಬದುಕಿದವನು ಸುಳ್ಳು ನಿಂಬೆಹಣ್ಣಿನಿಂದ ಪಾಸಾಗಬೇಕೇ? ಕಾರಿನ ಹಿಮ ಕೆರೆಯುವ ಪಟ್ಟಿಯಿಂದ ಹಣ್ಣನ್ನು ಮೆಲ್ಲಗೆ ಎಬ್ಬಿಸಿ ಉಪ್ಪಿನಕಾಯಿ ಡಬ್ಬಿಗೆ ಹಾಕಿಕೊಂಡೆ. ಡಬ್ಬಿ ಖಾಲಿಯಾಗಿತ್ತು, ತೊಳೆದೂ ಆಗಿತ್ತು. ಆದರೂ ವಾಸನೆ ಇತ್ತು.

ಸೋಮವಾರ ಸಂಜೆ ಒಬ್ಬೊಬ್ಬರೂ ತಮ್ಮ ಹಣ್ಣು ತಂದರು. ಅಜ್ಜಿ ವೆಲ್ವೆಟ್ ಬಟ್ಟೆಯ ಮೇಲಿಟ್ಟುಕೊಂಡು ಬಂದು, ತೀರಿಕೊಂಡ ಬೆಕ್ಕನ್ನು ನೆನೆದು ಅತ್ತಳು. ಟ್ರಕ್ ಡ್ರೈವರ್ ಹಣ್ಣಿಗೆ ಹೆಸರಿಟ್ಟಿದ್ದ. ನನ್ನ ಸರದಿ ಬಂತು. ಡಬ್ಬಿ ತೆರೆದೆ. ಮೊದಲು ಮೆಂತ್ಯ ಇಂಗಿನ ಘಾಟು ಹೊರಗೆ ಬಂತು, ಆಮೇಲೆ ಹಣ್ಣು. ಮೈಮೇಲೆ ಟೈರಿನ ಗೆರೆಗಳು ಅಚ್ಚೊತ್ತಿದ್ದವು. ಕುಂಕುಮವೂ ಇತ್ತು. ಮುಂದಿನ ಸಾಲಿನವರು ಕುತ್ತಿಗೆ ಚಾಚಿ ನೋಡಿದರು.

ಅಭ್ಯಾಸ ಮಾಡಿದ ಭಾಷಣ ಹೇಳುವ ಹಾಗಿರಲಿಲ್ಲ. ಒಳಗಿನ ರಸವೆಲ್ಲ ಹುಬ್ಬಳ್ಳಿ ಹುಡುಗನ ಡ್ರೈವ್‌ವೇಗೆ ಹೋಗಿತ್ತು. ಆದದ್ದನ್ನು ಆದ ಹಾಗೇ ಹೇಳಿದೆ. ಹೊಸ ಗಾಡಿ ತಂದರೆ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ, ಗಾಡಿಯ ಮೇಲೆ ಬಿದ್ದ ಕೆಟ್ಟ ಕಣ್ಣೆಲ್ಲ ಅದರ ಜೊತೆ ಅಪ್ಪಚ್ಚಿಯಾಗುತ್ತದೆ ಎಂದೆ. ಅತ್ತೆ, ದೇವರ ಗೂಡು, ನಾಲ್ಕನೇ ಚಕ್ರ ಎಲ್ಲವನ್ನೂ ಹೇಳಿದೆ.

ಅದರಿಂದ ನಿಜವಾಗಿಯೂ ಕೆಲಸವಾಗುತ್ತದೆಯೇ ಎಂದು ಟ್ರಕ್ ಡ್ರೈವರ್ ಕೇಳಿದ.

ಗೊತ್ತಿಲ್ಲ, ನಮ್ಮಲ್ಲಿ ನಿಂಬೆಹಣ್ಣಿಡದೆ ಓಡಿಸಿ ನೋಡಿದವರು ಯಾರೂ ನನಗೆ ಸಿಕ್ಕಿಲ್ಲ ಎಂದೆ.

ಟೀಚರಮ್ಮ ಮಣಿಸರ ಹಿಡಿದುಕೊಂಡೇ ಕೇಳಿದರು, ನಿಮಗೇನಾಯಿತು?

"ಎದೆ ಧಸಕ್ ಅಂತು, ಮೇಡಂ" ಎಂದೆ, ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ ಎದೆ ಮುಟ್ಟಿ ತೋರಿಸಿದೆ. ಶಿಕಾಗೋದ ಆ ಬಿಳಿ ಚಿತ್ರವನ್ನು ಯಾರಾದರೂ ಹೊತ್ತುಕೊಂಡು ಹೋಗಿದ್ದರೆ ನಾನು ಕಾಫಿ ಕುಡಿಯಲು ಹೋಗುತ್ತಿದ್ದೆ. ಈ ಹಣ್ಣು ಹೋದಾಗ ಮಾತ್ರ ರಾತ್ರಿ ಊಟ ಸೇರಲಿಲ್ಲ ಎಂದೆ. ದಿನಾ ನೋಡಿದ್ದೆನಲ್ಲ, ಅದಕ್ಕೇ ಇರಬೇಕು ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ನಾನು ಮನಸ್ಸಿನಲ್ಲೇ ಗೋಡೆಯ ಮೊಳೆ ಕೀಳುತ್ತಿದ್ದೆ. ಆಗ ಟ್ರಕ್ ಡ್ರೈವರ್ ಎದ್ದು, ತನ್ನ ಟ್ರಕ್ಕು ಮೊನ್ನೆಯಷ್ಟೇ ರಿಪೇರಿಯಿಂದ ಬಂದಿದೆ, ಅದಕ್ಕೆ ಎಷ್ಟು ಹಣ್ಣು ಬೇಕು ಎಂದ. ಟೀಚರಮ್ಮ ಅವನ ಕಡೆ ತಿರುಗಿ, "ಮೊದಲು ನನ್ನ ಕಾರು" ಎಂದರು. ಮೊದಲ ಸಲ ಅವರ ಹಲ್ಲು ನೋಡಿದೆ.

ಕ್ಲಾಸಿಗೆ ಕ್ಲಾಸೇ ಒಣಗಿದ ನಿಂಬೆಹಣ್ಣು ಹಿಡಿದು ಪಾರ್ಕಿಂಗ್ ಲಾಟ್‌ಗೆ ಇಳಿಯಿತು. ಅವರದು ತುಕ್ಕು ಹಿಡಿದ ಹಳೆಯ ಕಾರು. ಅಜ್ಜಿ ತನ್ನ ಹಣ್ಣನ್ನು ಕಣ್ಣಿಗೊತ್ತಿಕೊಂಡು ಚಕ್ರದ ಕೆಳಗಿಟ್ಟಳು. ನಾನು ಮುಂದೆ ನಿಂತು ಎರಡೂ ಕೈಯಲ್ಲಿ ಬನ್ನಿ ಬನ್ನಿ ಎಂದು ಸನ್ನೆ ಮಾಡಿದೆ. ಕಾರು ಹತ್ತಿತು, ಜಾರಿತು, ಮತ್ತೆ ಹತ್ತಿತು. ಟಪ್ ಟಪ್ ಎಂದು ನಾಲ್ಕೂ ಒಡೆದವು. ಎಲ್ಲರೂ ಕೂಗಿಕೊಂಡರು. ಟೀಚರಮ್ಮ ಇಳಿದು ಬಂದು ಬಗ್ಗಿ ನೋಡಿ, ನೀವು ಪಾಸು ಎಂದರು.

ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತೆ.

"ಪಾಸಾಯ್ತು ಅತ್ತೆ! ಟೀಚರ್ ಕಾರಿಗೂ ನಿಂಬೆಹಣ್ಣು ಇಟ್ವಿ!"

"ಕಾಯಿ ಒಡೆದ್ರಾ?"

"ಕಾಯಿ ಎಲ್ಲಿತ್ತು ಅತ್ತೆ?"

"ಕಾಯಿ ಒಡೀದೆ ಗಾಡಿ ಹತ್ತಿಸಿದ್ರಾ?" ಎಂದರು ಹೆಡ್‌ಮಿಸ್ ದನಿಯಲ್ಲಿ. "ಅಲ್ಲೇ ನಿಲ್ಲಿಸಿಕೊಂಡಿರಿ ಆಯಮ್ಮನ್ನ. ಆ ಹುಬ್ಬಳ್ಳಿ ಹುಡುಗನ್ನ ಹೊರಡಿಸ್ಕೊಂಡು ಈಗಲೇ ಬರ್ತೀನಿ."